ರೂಪ, ರುಚಿ, ತೃಪ್ತಿ: ಮುಳುಗಿದ ಓಣಿಯ ಊಟವನ್ನು ಕುರಿತು

ಊರು ಬಿಟ್ಟು ಬಂದವರು ಹಳೆಯ ಊರಿನ ಊಟವನ್ನು ನೆನೆದು ‘ಆ ರುಚಿ ಈಗಿಲ್ಲ’ ಎನ್ನುವುದನ್ನು ಸಾಮಾನ್ಯವಾಗಿ ಮುಪ್ಪಿನ ಹಳಹಳಿಕೆಯೆಂದು ತಳ್ಳಿಹಾಕಲಾಗುತ್ತದೆ. ಆದರೆ ಆ ಮಾತನ್ನು ಒಂದು ಪ್ರತಿಜ್ಞೆಯೆಂದು, ಎಂದರೆ ತರ್ಕಶಾಸ್ತ್ರದ ಅರ್ಥದಲ್ಲಿ ಸಾಧಿಸಿ ತೋರಿಸಬೇಕಾದ ಹೇಳಿಕೆಯೆಂದು ಎತ್ತಿಕೊಂಡರೆ, ಭಾರತೀಯ ದರ್ಶನಗಳು ಶತಮಾನಗಳ ಕಾಲ ಜಗ್ಗಾಡಿದ ಹಲವು ಪ್ರಶ್ನೆಗಳು ಅದರೊಳಗೆ ಅಡಗಿರುವುದು ಕಾಣುತ್ತದೆ. ರುಚಿಯು ಪದಾರ್ಥದಲ್ಲಿರುವ ಗುಣವೋ, ನಾಲಗೆಯ ವ್ಯಾಪಾರವೋ, ಉಣ್ಣುವವರ ಮನಸ್ಸಿನ ಸ್ಥಿತಿಯೋ? ಅದೇ ಜೋಳ, ಅದೇ ಹಂಚು, ತಟ್ಟುವ ಕೈಯೂ ಅದೇ ಆಗಿದ್ದು ರುಚಿ ಮಾತ್ರ ಇಲ್ಲವೆನ್ನುವವರು ಸುಳ್ಳಾಡುತ್ತಿದ್ದಾರೆಯೇ, ಭ್ರಮೆಗೊಳಗಾಗಿದ್ದಾರೆಯೇ, ಇಲ್ಲವೆ ನಿಜವಾಗಿಯೂ ಕಳೆದುಹೋದ ಯಾವುದನ್ನೋ ತಪ್ಪು ಹೆಸರಿನಿಂದ ಕರೆಯುತ್ತಿದ್ದಾರೆಯೇ? ಪ್ರಸ್ತುತ ಲೇಖನದ ವಾದ ಈ ಮೂರನೆಯ ಪಕ್ಷದ್ದು.

ಸ್ವಂತ ಇಚ್ಛೆಯಿಂದ ಊರು ಬಿಟ್ಟವರ ವಿಷಯದಲ್ಲಿ ಈ ಪ್ರಶ್ನೆ ಸುಲಭವಾಗಿ ಕೈಜಾರುತ್ತದೆ. ಧಾರವಾಡದಿಂದ ಬೆಂಗಳೂರಿಗೋ ಉಡುಪಿಯಿಂದ ಮುಂಬಯಿಗೋ ಹೋದವರು ಬೇಕೆಂದಾಗ ಹಿಂದಿರುಗಿ, ಹಳೆಯ ಬೀದಿಯಲ್ಲಿ ನಿಂತು ತಮ್ಮ ನೆನಪನ್ನು ಪರೀಕ್ಷೆಗೆ ಒಡ್ಡಬಹುದು, ಮತ್ತು ರುಚಿ ಬೇರೆಯೆನಿಸಿದರೆ ನೀರು ಬೇರೆ, ಹವೆ ಬೇರೆ, ಅಕ್ಕಿ ಬೇರೆ ಎಂದು ಕಾರಣ ಕೊಟ್ಟು ಸುಮ್ಮನಾಗಬಹುದು. ಪ್ರಶ್ನೆಯನ್ನು ಅದರ ಕಠಿಣ ರೂಪದಲ್ಲಿ ನೋಡಬೇಕಾದರೆ ಹವೆ, ಬೆಳೆ, ಜನ ಎಲ್ಲವೂ ಹಾಗೆಯೇ ಉಳಿದು ಊರು ಮಾತ್ರ ಇಲ್ಲವಾದ ಸಂದರ್ಭವೊಂದು ಬೇಕು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯದು ಅಂಥದೇ ಸಂದರ್ಭ. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನಲ್ಲಿ 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಸಮ್ಮತಿಸಿದ ಮೇಲೆ, ಕೃಷ್ಣೆಯ ಹಿನ್ನೀರು ಅದರ ಉಪನದಿಯಾದ ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಪಟ್ಟಣದ ತಗ್ಗಿನ ಭಾಗಗಳನ್ನು ಆವರಿಸಿತು. 1997ರಲ್ಲಷ್ಟೇ ವಿಜಯಪುರದಿಂದ ಬೇರ್ಪಟ್ಟು ಜಿಲ್ಲಾ ಕೇಂದ್ರವಾಗಿದ್ದ ಊರಿನ ಬಹಳಷ್ಟು ಜನ ಕೆಲವೇ ಕಿಲೋಮೀಟರ್ ದೂರದ ನವನಗರಕ್ಕೆ ಹೋದರು. ಎತ್ತರದ ಭಾಗ ಉಳಿದುಕೊಂಡಿತು, ಪೇಟೆ ಉಳಿಯಿತು, ಹೊಲದ ಜೋಳವೂ ಉಳಿಯಿತು. ನೈಯಾಯಿಕರು, ಎಂದರೆ ಭಾರತೀಯ ತರ್ಕಪರಂಪರೆಯ ಪಂಡಿತರು, ಒಂದು ಕಾರ್ಯಕ್ಕೆ ಯಾವುದು ಕಾರಣವೆಂದು ನಿರ್ಣಯಿಸಲು ಬಳಸುವ ಕ್ರಮಕ್ಕೆ ಅನ್ವಯ-ವ್ಯತಿರೇಕವೆಂದು ಹೆಸರು: ಯಾವುದು ಇದ್ದಾಗ ಕಾರ್ಯವಿದ್ದು ಯಾವುದು ಇಲ್ಲದಾಗ ಕಾರ್ಯವೂ ಇಲ್ಲವಾಗುತ್ತದೆಯೋ ಅದೇ ಕಾರಣ. ಬಾಗಲಕೋಟೆಯಲ್ಲಿ ಚರಿತ್ರೆಯು ಯಾರ ಅಪ್ಪಣೆಯನ್ನೂ ಕೇಳದೆ ಆ ಪ್ರಯೋಗವನ್ನು ನಡೆಸಿಬಿಟ್ಟಿತು, ಮತ್ತು ಅದರಲ್ಲಿ ಇಲ್ಲವಾದದ್ದು ಮುಖ್ಯವಾಗಿ ಒಂದೇ ವಸ್ತು, ಓಣಿ.

ಓಣಿಯೆಂದರೆ ದಕ್ಷಿಣ ಕರ್ನಾಟಕದವರು ಬೀದಿ ಎನ್ನುವುದರ ಉತ್ತರದ ಹೆಸರಷ್ಟೇ ಅಲ್ಲ. ಎರಡೂ ಬದಿಗೆ ಗೋಡೆಗೆ ಗೋಡೆ ಹತ್ತಿದ ಮಾಳಿಗೆ ಮನೆಗಳು, ಎಂದರೆ ತೊಲೆಗಳ ಮೇಲೆ ಮಣ್ಣು ಹಾಸಿ ಸಮತಟ್ಟು ಮಾಡಿದ ಚಾವಣಿಯ ಮನೆಗಳು, ಅವುಗಳ ಮುಂದೆ ಕೂರಲು, ಕಾಳು ಹಸನು ಮಾಡಲು, ಜಗಳ ಬಿಡಿಸಲು ಒದಗುವ ಕಟ್ಟೆಗಳು, ಹೊಗೆ ಹೊರಹೋಗಿ ಬೆಳಕು ಒಳಬರಲು ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಗಳು: ಇವೆಲ್ಲ ಸೇರಿದ ಒಂದು ಜೋಡಣೆ ಅದು. ಇಂಥ ಜೋಡಣೆಯಲ್ಲಿ ಅಡುಗೆಯು ಮನೆಯೊಳಗಿನ ಗುಟ್ಟಾಗಿ ಉಳಿಯಲಾರದು. ಬೆಳಗಿನ ಜಾವ ಯಾರ ಮನೆಯಲ್ಲಿ ಮೊದಲು ರೊಟ್ಟಿ ಬಡಿಯುವ ಸದ್ದು ಎದ್ದಿತು, ಯಾರ ಮನೆಯಲ್ಲಿ ಇನ್ನೂ ಏಳಲಿಲ್ಲ, ಯಾರ ಒಲೆಯ ಮೇಲೆ ಬೇಳೆ ಹೊತ್ತಿತು, ಯಾರ ಮನೆಯಲ್ಲಿ ಒಲೆಯೇ ಹೊತ್ತಿಲ್ಲ ಎಂಬುದೆಲ್ಲ ಓಣಿಗೆ ಕೇಳಿ ತಿಳಿಯಬೇಕಾದ ಸುದ್ದಿಯಾಗಿರಲಿಲ್ಲ. ಗಾಳಿಯೇ ಅದನ್ನು ಹೊತ್ತು ತರುತ್ತಿತ್ತು. ಬಾಗಲಕೋಟೆಯ ಹೋಳಿ ಐದು ಭಾಗಗಳ ಹೆಸರಿನಲ್ಲಿ, ಎಂದರೆ ಕಿಲ್ಲಾ, ಹೊಸಪೇಟೆ, ಹಳಪೇಟೆ, ಜೈನಪೇಟೆ, ವೆಂಕಟಪೇಟೆಗಳ ಹೆಸರಿನಲ್ಲಿ ನಡೆಯುವುದನ್ನು, ಪೀಪಾಯಿಗಳಲ್ಲಿ ಬಣ್ಣದ ನೀರು ತುಂಬಿಕೊಂಡ ಬಂಡಿಗಳು ಸರತಿಯಂತೆ ಹೊರಡುವುದನ್ನು ನೋಡಿದವರಿಗೆ ಅಲ್ಲಿ ಪೇಟೆಯೆಂಬುದು ಬರಿಯ ವಿಳಾಸವಲ್ಲವೆಂಬುದು ತಾನೇ ಹೊಳೆದಿರುತ್ತದೆ.

ಈ ಜೋಡಣೆಯ ತಾತ್ತ್ವಿಕ ಸ್ವರೂಪ ನಿಚ್ಚಳವಾಗಿ ತೋರುವುದು ಶ್ರಾವಣದ ನಾಗರ ಪಂಚಮಿಯ ಹೊತ್ತಿನಲ್ಲಿ ಬರುವ ರೊಟ್ಟಿ ಪಂಚಮಿಯಲ್ಲಿ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ರೂಢಿಯಲ್ಲಿರುವ ಈ ಹಬ್ಬಕ್ಕೆ ಮನೆಯ ಹೆಂಗಸರು ಹಲವು ದಿನ ಮೊದಲೇ ಜೋಳದ ಮತ್ತು ಸಜ್ಜೆಯ ರೊಟ್ಟಿಗಳನ್ನು ಎಳ್ಳು ಹಚ್ಚಿ ತೆಳ್ಳಗೆ ತಟ್ಟಿ, ಮುರಿದರೆ ಸದ್ದಾಗುವಂತೆ ಒಣಗಿಸಿ ಒಟ್ಟಿಡುತ್ತಾರೆ; ಹಬ್ಬದ ದಿನ ಬದನೆಯ ಎಣ್ಣೆಗಾಯಿ, ಮಡಿಕೆಕಾಳು, ಪುಂಡಿಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿಗಳನ್ನು (ಹಿಂಡಿಯೆಂದರೆ ಇಲ್ಲಿ ಹುರಿದು ಖಾರ ಬೆರೆಸಿ ಕುಟ್ಟಿದ ಪುಡಿಚಟ್ನಿ) ರೊಟ್ಟಿಯ ಮೇಲೆ ಇಟ್ಟು ನೆರೆಮನೆಗಳಿಗೂ ಬಂಧುಗಳಿಗೂ ಗೆಳತಿಯರಿಗೂ ಒಯ್ದು ಕೊಡುತ್ತಾರೆ, ಮತ್ತು ಅಲ್ಲಿಂದ ಅಂಥವೇ ರೊಟ್ಟಿಪಲ್ಯಗಳನ್ನು ಪಡೆದು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪ್ರತಿ ಮನೆಯ ತಾಟಿನಲ್ಲೂ ಹತ್ತಾರು ಮನೆಗಳ ಕೈ ಇರುತ್ತದೆ, ಆ ಮನೆಯವರು ತಟ್ಟಿದ್ದು ಮಾತ್ರ ಅಲ್ಲಿ ಕಡಿಮೆ. ಲೆಕ್ಕದ ದೃಷ್ಟಿಯಿಂದ ಇದು ಶುದ್ಧ ವ್ಯರ್ಥ: ಇಪ್ಪತ್ತು ರೊಟ್ಟಿ ಕೊಟ್ಟು ಇಪ್ಪತ್ತು ರೊಟ್ಟಿ ತಂದವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ದಣಿವು ಮಾತ್ರ ಇದೆ. ಇಲ್ಲದವನಿಗೆ ಇದ್ದವನು ಕೊಟ್ಟರೆ ಅದು ದಾನ, ತನ್ನಲ್ಲಿಲ್ಲದ್ದಕ್ಕಾಗಿ ಕೊಟ್ಟರೆ ವ್ಯಾಪಾರ. ಇರುವುದನ್ನೇ ಇರುವವರಿಗೆ ಕೊಟ್ಟು, ಅದನ್ನೇ ಅವರಿಂದ ಪಡೆಯುವ ಈ ಕ್ರಿಯೆಗೆ ಅರ್ಥಶಾಸ್ತ್ರದಲ್ಲಾಗಲಿ ಪುಣ್ಯದ ಲೆಕ್ಕದಲ್ಲಾಗಲಿ ಒಪ್ಪುವ ಹೆಸರಿಲ್ಲ. ನವನಗರಕ್ಕೆ ಹೋದವರು ‘ರುಚಿ’ ಎಂದು ಕರೆಯುತ್ತಿರುವುದು ಬಹುಶಃ ಈ ಹೆಸರಿಲ್ಲದ್ದನ್ನೇ.

ಆದರೆ ಹಾಗೆ ಅವಸರದಿಂದ ತೀರ್ಮಾನಿಸುವ ಮೊದಲು ಪ್ರತಿಪಕ್ಷವನ್ನು ಕೇಳಬೇಕು, ಮತ್ತು ಪ್ರತಿಪಕ್ಷ ಸಣ್ಣದಲ್ಲ. ನ್ಯಾಯದರ್ಶನವು ಜ್ಞಾನವನ್ನು ಅನುಭವ ಮತ್ತು ಸ್ಮೃತಿಯೆಂದು ವಿಂಗಡಿಸಿ, ಸ್ಮೃತಿಯು ಸಂಸ್ಕಾರವೊಂದರಿಂದಲೇ ಹುಟ್ಟುವ ಜ್ಞಾನವೆಂದು ಹೇಳುತ್ತದೆ. ಸಂಸ್ಕಾರವೆಂದರೆ ಅನುಭವವು ಅಳಿದ ಮೇಲೂ ಆತ್ಮದಲ್ಲಿ ಉಳಿಯುವ ಅಚ್ಚು. ಅದನ್ನು ಎಬ್ಬಿಸುವ ನಿಮಿತ್ತಕ್ಕೆ ಉದ್ಬೋಧಕವೆಂದು ಹೆಸರು. ಇಂಥ ನಿಮಿತ್ತಗಳನ್ನು ಪಟ್ಟಿಮಾಡುವ ನ್ಯಾಯಸೂತ್ರವು ಸಾದೃಶ್ಯ, ಆಶ್ರಯ, ಸುಖ, ದುಃಖಗಳ ಜೊತೆಗೆ ವಿಯೋಗವನ್ನೂ ಸೇರಿಸುತ್ತದೆ. ಅಗಲಿಕೆಯೇ ನೆನಪಿಗೆ ಕಾರಣವಾಗಬಲ್ಲದೆಂದು ತರ್ಕದ ಗ್ರಂಥವೊಂದು ಇಷ್ಟು ಶುಷ್ಕವಾಗಿ ದಾಖಲಿಸಿರುವುದರಲ್ಲಿ ಒಂದು ಬಗೆಯ ಕಾರುಣ್ಯವಿದೆ. ಆದರೂ ನೈಯಾಯಿಕರು ಸ್ಮೃತಿಯನ್ನು ಪ್ರಮೆಯೆಂದು, ಎಂದರೆ ಪ್ರಮಾಣದಿಂದ ಹುಟ್ಟಿದ ನಿಶ್ಚಿತ ಜ್ಞಾನವೆಂದು ಒಪ್ಪುವುದಿಲ್ಲ, ಏಕೆಂದರೆ ಅದು ಹಿಂದಿನ ಅನುಭವದಿಂದ ಸಾಲ ತಂದದ್ದು. ಅನುಭವ ಸರಿಯಾಗಿದ್ದರೆ ಸ್ಮೃತಿಯೂ ಯಥಾರ್ಥ, ಅನುಭವವೇ ತಪ್ಪಾಗಿದ್ದರೆ ಸ್ಮೃತಿಯೂ ಅಯಥಾರ್ಥ. ಈ ನಿಲುವಿನಂತೆ ‘ಆ ರುಚಿ ಇಲ್ಲ’ ಎಂಬ ಮಾತಿನಲ್ಲಿ ಎರಡು ಜ್ಞಾನಗಳು ಬೆರೆತಿವೆ: ಈಗಿನ ರೊಟ್ಟಿಯ ಪ್ರತ್ಯಕ್ಷ ಒಂದು, ಹಳೆಯ ರೊಟ್ಟಿಯ ಸ್ಮೃತಿ ಇನ್ನೊಂದು, ಎರಡನೆಯದು ಪ್ರಮೆಯಲ್ಲದ ಕಾರಣ ಹೋಲಿಕೆಯೂ ನ್ಯಾಯಾಲಯದಲ್ಲಿ ನಿಲ್ಲುವ ಸಾಕ್ಷ್ಯವಲ್ಲ.

ಈ ಆಕ್ಷೇಪಕ್ಕೆ ಕನ್ನಡವೇ ಒಂದು ಉತ್ತರವನ್ನು ಕೊಡುತ್ತದೆ. ದರ್ಶನಗಳಲ್ಲಿ ಸಂಸ್ಕಾರಕ್ಕೆ ಸಮೀಪವಾದ ಇನ್ನೊಂದು ಪದ ವಾಸನೆ. ಆಡುಮಾತಿನಲ್ಲಿ ಅದೇ ಪದಕ್ಕೆ ಮೂಗಿಗೆ ಬಡಿಯುವ ಗಂಧವೆಂದು ಅರ್ಥ. ವಾಸಿಸುವುದು ಮತ್ತು ಸುವಾಸನೆಗೊಳಿಸುವುದು ಎಂಬ ಎರಡು ಧಾತ್ವರ್ಥಗಳ ನಡುವೆ ಈ ಪದ ತೂಗಾಡುತ್ತದೆ. ಹೂವಿನ ಜೊತೆ ಇಟ್ಟ ಎಳ್ಳು ಹೂವಿನ ಪರಿಮಳವನ್ನು ಹೀರಿಕೊಂಡು, ಹೂವು ಬಾಡಿದ ಮೇಲೂ ಅದನ್ನು ಎಣ್ಣೆಯವರೆಗೆ ಒಯ್ಯುವ ದೃಷ್ಟಾಂತವನ್ನು ಬೌದ್ಧ ಯೋಗಾಚಾರ ಪಂಥದ ದಾರ್ಶನಿಕರು ಬಳಸಿದ್ದು ಇದನ್ನು ವಿವರಿಸಲಿಕ್ಕೇ. ವಾಸದಿಂದ ವಾಸನೆ ಹುಟ್ಟುತ್ತದೆಂದರೆ ನೆನಪು ಮನಸ್ಸಿನೊಳಗಿನ ಚಿತ್ರವಷ್ಟೇ ಅಲ್ಲ, ಒಂದು ಜಾಗದಲ್ಲಿ ಬಹುಕಾಲ ಇದ್ದುದರಿಂದ ಇರವಿಗೇ ಹತ್ತಿದ ಗಂಧ. ವೈಶೇಷಿಕರು ಪಂಚಭೂತಗಳಲ್ಲಿ ಗಂಧವು ಪೃಥಿವಿಯೊಂದರ ಗುಣವೆಂದು, ನೀರಿಗಾಗಲಿ ಗಾಳಿಗಾಗಲಿ ಸ್ವಂತ ಗಂಧವಿಲ್ಲವೆಂದು ಹೇಳುವುದನ್ನು ಇಲ್ಲಿ ನೆನೆಯಬಹುದು. ನೆಲ ನೀರಿನಡಿ ಹೋದಾಗ ಗಂಧ ಹೋಯಿತೆಂದು ಜನ ಹೇಳಿದರೆ ಅದು ಅವರಿಗೆ ತಿಳಿಯದೆಯೇ ಆಡಿದ ವೈಶೇಷಿಕ ವಾಕ್ಯ. ಇದನ್ನು ಪ್ರಮಾಣವೆಂದು ಒಪ್ಪಬೇಕಿಲ್ಲ. ಪದವೊಂದು ಎರಡು ಕಡೆ ತೋರಿಸುತ್ತಿದೆಯೆಂದರೆ ಆ ಎರಡೂ ಕಡೆ ನೋಡುವುದು ಓದುಗರಿಗೆ ನಷ್ಟವಲ್ಲ, ಅಷ್ಟೆ.

ಅನ್ನಕ್ಕೂ ಸ್ಮೃತಿಗೂ ಇರುವ ನಂಟನ್ನು ಉಪನಿಷತ್ತು ಇನ್ನೂ ನೇರವಾಗಿ ಹೇಳುತ್ತದೆ. ಛಾಂದೋಗ್ಯದ 6ನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ ಹದಿನೈದು ದಿನ ಉಣ್ಣದೆ ನೀರು ಮಾತ್ರ ಕುಡಿದಿರಲು ಹೇಳಿ, ಆಮೇಲೆ ವೇದವನ್ನು ಹೇಳೆಂದಾಗ ಹುಡುಗನಿಗೆ ಏನೂ ತೋಚುವುದಿಲ್ಲ. ಉಂಡು ಬಂದ ಮೇಲೆ ಕೇಳಿದ್ದೆಲ್ಲವೂ ನೆನಪಾಗುತ್ತದೆ. ಮನಸ್ಸು ಅನ್ನದ ಸೂಕ್ಷ್ಮಾಂಶದಿಂದಾದದ್ದು ಎಂಬ ತತ್ತ್ವವನ್ನು ತಂದೆ ಹೀಗೆ ಹಸಿವಿನ ಮೂಲಕ ಕಲಿಸುತ್ತಾನೆ. ಅದೇ ಉಪನಿಷತ್ತಿನ 7ನೆಯ ಅಧ್ಯಾಯವು ಆಹಾರ ಶುದ್ಧವಾದರೆ ಅಂತಃಕರಣ ಶುದ್ಧ, ಅಂತಃಕರಣ ಶುದ್ಧವಾದರೆ ಸ್ಮೃತಿ ಸ್ಥಿರ ಎಂಬ ಕ್ರಮವನ್ನು ಹೇಳುವಾಗ ಭಾಷ್ಯಕಾರರಲ್ಲಿ ಉಂಟಾದ ಭಿನ್ನಾಭಿಪ್ರಾಯವಂತೂ ಪ್ರಸ್ತುತ ಪ್ರಶ್ನೆಗೆ ಅಳತೆ ಮಾಡಿ ಹೊಲಿದಂತಿದೆ. ರಾಮಾನುಜರು ಆಹಾರವೆಂದರೆ ಉಣ್ಣುವ ಅನ್ನವೆಂದೇ ಹಿಡಿದು, ಅದರ ಜಾತಿ, ಆಶ್ರಯ, ಸಂಪರ್ಕಗಳ ದೋಷವನ್ನು ವಿವೇಚಿಸಬೇಕೆನ್ನುತ್ತಾರೆ. ಶಂಕರರಾದರೋ ಒಳಗೆ ತಂದುಕೊಳ್ಳುವುದೆಲ್ಲ ಆಹಾರವೆಂದು ಪದವನ್ನು ಬಿಡಿಸಿ, ಶಬ್ದವೇ ಮೊದಲಾದ ವಿಷಯಗಳ ಜ್ಞಾನವೆಲ್ಲ ಅದರಲ್ಲಿ ಸೇರುತ್ತದೆಂದು ವಿವರಿಸುತ್ತಾರೆ. ಶಂಕರರ ವ್ಯಾಖ್ಯಾನವನ್ನು ಹಿಡಿದರೆ ಓಣಿಯಲ್ಲಿ ಉಂಡವರು ರೊಟ್ಟಿಯನ್ನಷ್ಟೇ ಉಂಡಿಲ್ಲ. ಪಕ್ಕದ ಮನೆಯ ಬಡಿತದ ಸದ್ದು, ಕಟ್ಟೆಯ ಮಾತು, ಬೆಳಕಿಂಡಿಯಿಂದ ಇಳಿದ ಬಿಸಿಲಕೋಲು, ಎಲ್ಲವೂ ಅವರ ಆಹಾರ. ಶಂಕರರ ಉದ್ದೇಶ ಬೇರೆಯೇ ಆಗಿತ್ತೆಂಬುದನ್ನು ಮರೆಯಬಾರದು: ವಿಷಯಜ್ಞಾನವು ರಾಗ, ದ್ವೇಷ, ಮೋಹಗಳಿಂದ ಬಿಡುಗಡೆಯಾಗಬೇಕೆಂಬುದು ಅವರ ಆಶಯ, ಹಳೆಯ ಓಣಿಯನ್ನು ಹಂಬಲಿಸುವವರನ್ನು ಅವರು ಸಂತೈಸುತ್ತಿರಲಿಲ್ಲ. ಆದರೂ ಆಹಾರದ ಎಲ್ಲೆಯನ್ನು ತಾಟಿನ ಅಂಚಿನಿಂದಾಚೆಗೆ ಒಯ್ದ ಉಪಕಾರ ಅವರದು.

ರಾಗದ ಪ್ರಶ್ನೆ ಬಂದುದರಿಂದ ಅದನ್ನೇ ಎದುರಿಸಬೇಕು, ಏಕೆಂದರೆ ಊರಿನ ಹಂಬಲದ ಮೇಲೆ ವೈರಾಗ್ಯ ಪರಂಪರೆಗಳು ಹೊರಿಸುವ ಅತಿ ಗಂಭೀರ ಆರೋಪ ಇದೇ. ಪತಂಜಲಿಯ ಯೋಗಸೂತ್ರವು ಸುಖವನ್ನು ಬೆನ್ನಟ್ಟಿ ಬರುವ ಕ್ಲೇಶವನ್ನು ರಾಗವೆನ್ನುತ್ತದೆ. ವ್ಯಾಸಭಾಷ್ಯದಂತೆ ಒಮ್ಮೆ ಸುಖವನ್ನು ಅರಿತವನಿಗೆ ಅದರ ನೆನಪಿನಿಂದ ಹುಟ್ಟುವ ತೃಷೆಯೇ ಅದು. ಎಣ್ಣೆಗಾಯಿಯ ನೆನಪಿಗೆ ಬಾಯಲ್ಲಿ ನೀರೂರುವುದು ರಾಗವೆಂದರೆ ಯಾರೂ ಅಲ್ಲಗಳೆಯಲಾರರು. ಆದರೆ ರಾಗಕ್ಕೆ ಒಂದು ಲಕ್ಷಣವಿದೆ: ಅದು ಪಡೆಯಲು ಬಯಸುತ್ತದೆ. ನವನಗರದ ಮನೆಯಲ್ಲಿ ಎಣ್ಣೆಗಾಯಿ ಸಿಗುತ್ತದೆ, ಜೋಳದ ರೊಟ್ಟಿ ಸಿಗುತ್ತದೆ, ಸೌದೆಯ ಒಲೆಯನ್ನೇ ಹೂಡಿಕೊಂಡರೂ ಅಡ್ಡಿಯಿಲ್ಲ. ಬಯಸಿದ ವಿಷಯ ದೊರೆತೂ ಕೊರತೆ ಉಳಿದಿದೆ. ಭೋಗದಿಂದ ತೃಷೆ ತಣಿಯದಿರುವುದೇ ರಾಗದ ಸ್ವಭಾವವೆಂದು ಯೋಗಿ ಮರುನುಡಿಯಬಹುದು, ಆ ಮರುನುಡಿ ಬಲವಾದದ್ದೂ ಹೌದು. ಅದಕ್ಕೆ ಉತ್ತರ ಸಿಗುವುದು ಉಂಡವರ ಹಂಬಲದಲ್ಲಲ್ಲ, ಮಾಡಿ ಬಡಿಸಿದವರ ಹಂಬಲದಲ್ಲಿ. ಹಳೆಯ ಊರನ್ನು ನೆನೆಯುವ ಹೆಂಗಸರ ಮಾತುಗಳಲ್ಲಿ ತಾವು ಉಂಡದ್ದಕ್ಕಿಂತ ಕೊಟ್ಟದ್ದರ ಲೆಕ್ಕವೇ ಹೆಚ್ಚು: ಯಾರ ಮನೆಗೆ ಯಾವ ಹಿಂಡಿ ಹೋಗುತ್ತಿತ್ತು, ಎದುರುಮನೆಯ ಅಜ್ಜಿಗೆ ಹಲ್ಲಿಲ್ಲವೆಂದು ಮೆತ್ತನೆಯ ರೊಟ್ಟಿ ಬೇರೆ ತಟ್ಟುತ್ತಿದ್ದುದು, ಬಾಣಂತಿಯ ಮನೆಗೆ ಒಯ್ಯುತ್ತಿದ್ದ ಅಳವಿ. ದಣಿಯುವುದಕ್ಕಾಗಿ, ಕಳೆದುಕೊಳ್ಳುವುದಕ್ಕಾಗಿ ತೃಷೆಪಡುವ ರಾಗವೊಂದನ್ನು ಯೋಗಶಾಸ್ತ್ರ ಹೇಳಿಲ್ಲ. (ಗಂಡಸರು ಬರೆಯುವ ಊರಿನ ನೆನಪುಗಳಲ್ಲಿ ಊಟ ತಾನಾಗಿಯೇ ತಾಟಿಗೆ ಬಂದು ಬೀಳುತ್ತದೆ, ಹೊಗೆಗೆ ಉರಿದ ಕಣ್ಣಿನ ನೆನಪಿರುವವರು ಹೀಗೆ ಬರೆಯುವುದು ಅಪರೂಪ.)

ವೈರಾಗ್ಯದ ಮಾತು ಈ ನೆಲದಲ್ಲಿ ಇನ್ನೊಂದು ರೂಪದಲ್ಲೂ ಬರುತ್ತದೆ. ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮವು ಬಸವಣ್ಣನವರು ಐಕ್ಯರಾದರೆಂದು ಪರಂಪರೆ ನಂಬುವ ಜಾಗ. ಶರಣರ ಚಿಂತನೆಯಲ್ಲಿ ಸ್ಥಾವರ, ಎಂದರೆ ನಿಂತದ್ದು, ಮತ್ತು ಜಂಗಮ, ಎಂದರೆ ಚಲಿಸುವುದು, ಎಂಬ ಭೇದಕ್ಕೆ ಕೇಂದ್ರಸ್ಥಾನವಿದೆ. ಗೋಡೆ, ಕಟ್ಟೆ, ಮಾಳಿಗೆಗಳೆಲ್ಲ ಸ್ಥಾವರವಲ್ಲವೇ, ಅವು ಮುಳುಗಿದ್ದಕ್ಕೆ ಶರಣಧರ್ಮದವರು ಮರುಗಬೇಕೇ ಎಂದು ಕೇಳಿದರೆ ಆ ಕೇಳ್ವಿ ಕ್ರೂರವಾಗುತ್ತದೆ, ಏಕೆಂದರೆ ಸ್ಥಾವರವನ್ನು ತಾನಾಗಿ ಬಿಡುವುದು ಬೇರೆ, ನೋಟಿಸು ಪಡೆದು ಬಿಡುವುದು ಬೇರೆ. ಇನ್ನೊಂದು ವಿಚಿತ್ರವೂ ಇದೆ: ನಾರಾಯಣಪುರ ಜಲಾಶಯದ ಹಿನ್ನೀರು ಸಂಗಮವನ್ನು ಮುಟ್ಟಿದಾಗ ಐಕ್ಯಮಂಟಪವನ್ನು ನೀರಿಗೆ ಬಿಡದೆ ಸುತ್ತಲೂ ಬಾವಿಯಂಥ ಗೋಡೆಯೆಬ್ಬಿಸಿ ಕಾಪಾಡಲಾಯಿತು, ಭಕ್ತರು ಇಂದಿಗೂ ಮೆಟ್ಟಿಲಿಳಿದು ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ಅದನ್ನು ಕಾಣುತ್ತಾರೆ. ಸ್ಥಾವರವನ್ನು ಪ್ರಶ್ನಿಸಿದವರ ಹೆಸರಿನ ಸ್ಥಾವರಕ್ಕೆ ದೊರೆತ ಈ ರಕ್ಷಣೆಯನ್ನು ಆಕ್ಷೇಪಿಸಬೇಕಿಲ್ಲ. ಎಲ್ಲ ಕಟ್ಟೆಗಳಿಗೂ ಬಾವಿ ಕಟ್ಟಲಾಗದು. ಆದರೆ ಹಂಬಲಿಸುವವರಿಗೆ ಸ್ಥಾವರ-ಜಂಗಮದ ಪಾಠ ಹೇಳುವಾಗ ಇದು ನೆನಪಿರಲಿ.

ಶರಣರ ದರ್ಶನದಿಂದ ಈ ಪ್ರಶ್ನೆಗೆ ದೊರೆಯುವ ನಿಜವಾದ ಬೆಳಕು ಬೇರೆಡೆ, ಅರ್ಪಣದ ಕಲ್ಪನೆಯಲ್ಲಿದೆ. ವೀರಶೈವ ಷಟ್‌ಸ್ಥಲ ಸಿದ್ಧಾಂತವನ್ನು, ಎಂದರೆ ಸಾಧನೆಯ ಆರು ಮೆಟ್ಟಿಲುಗಳ ವಿಚಾರವನ್ನು, ಕ್ರಮಗೊಳಿಸಿದ ಹಿರಿಮೆಯನ್ನು ಪರಂಪರೆ ಚೆನ್ನಬಸವಣ್ಣನವರಿಗೆ ಸಲ್ಲಿಸುತ್ತದೆ. ಆ ಸಿದ್ಧಾಂತದಂತೆ ಕೈಗೆ ಬಂದ ಅನ್ನ ಇನ್ನೂ ಪದಾರ್ಥ, ಎಂದರೆ ಬರಿಯ ವಸ್ತು. ಅರ್ಪಿತವಾದ ಮೇಲೆ ಅದೇ ಪ್ರಸಾದ. ಈ ಅರ್ಪಣ ಮೂರು ಹಂತದ್ದು: ಪದಾರ್ಥದ ರೂಪವು ಅಂಗೈಯಲ್ಲಿರುವ ಇಷ್ಟಲಿಂಗಕ್ಕೆ, ರುಚಿಯು ಪ್ರಾಣದಲ್ಲಿ ನೆಲೆಸಿದ ಪ್ರಾಣಲಿಂಗಕ್ಕೆ, ತೃಪ್ತಿಯು ಭಾವದಲ್ಲಿ ನೆಲೆಸಿದ ಭಾವಲಿಂಗಕ್ಕೆ. ಭಕ್ತಿಯ ಶಿಸ್ತಿಗಾಗಿ ಹುಟ್ಟಿದ ಈ ವಿಂಗಡಣೆಯು ಅನ್ನದ ಅನುಭವವನ್ನು ಬಿಡಿಸಿ ತೋರುವ ಸೂಕ್ಷ್ಮ ಉಪಕರಣವೂ ಹೌದು, ಏಕೆಂದರೆ ಅದು ರುಚಿಯನ್ನೂ ತೃಪ್ತಿಯನ್ನೂ ಒಂದೇ ಎಂದು ಬಗೆಯುವುದಿಲ್ಲ. ರೂಪ ಕಣ್ಣಿಗೂ ಕೈಗೂ ಸಿಗುವಂಥದು. ರುಚಿ ಉಸಿರು ನಾಲಗೆಗಳ ಮಟ್ಟದ್ದು. ತೃಪ್ತಿಯಾದರೋ ಭಾವದ್ದು, ಮತ್ತು ಭಾವವೆಂದರೆ ಇಲ್ಲಿ ಅನಿಸಿಕೆಯಲ್ಲ, ಇರವಿನ ಅತ್ಯಂತ ಒಳಗಿನ ನೆಲೆ. ಈ ಉಪಕರಣವನ್ನು ಹಿಡಿದು ಮೊದಲಿನ ಪ್ರತಿಜ್ಞೆಗೆ ಮರಳಿದರೆ ಗಂಟು ಬಿಚ್ಚುತ್ತದೆ. ನವನಗರದ ರೊಟ್ಟಿಗೆ ಹಳೆಯ ಊರಿನ ರೊಟ್ಟಿಯ ರೂಪವಿದೆ. ಪರೀಕ್ಷಿಸಿ ನೋಡಿದರೆ ರುಚಿಯೂ ಬಹುಮಟ್ಟಿಗೆ ಅದೇ. ಇಲ್ಲದಿರುವುದು ತೃಪ್ತಿ. ಜನ ಅದನ್ನು ರುಚಿಯೆಂದು ಕರೆಯುವುದು ಭ್ರಮೆಯಿಂದಲ್ಲ, ಒಳಗಿನದನ್ನು ಅದರ ಹೊರಗಿನ ನೆರೆಯ ಹೆಸರಿನಿಂದ ಕರೆಯುವ ಸಹಜ ರೂಢಿಯಿಂದ. ಆಲಂಕಾರಿಕರು ಇದನ್ನು ಲಕ್ಷಣೆಯೆನ್ನುತ್ತಾರೆ, ಎಂದರೆ ವಾಚ್ಯಾರ್ಥ ಹೊಂದದಿದ್ದಾಗ ಅದಕ್ಕೆ ಸಂಬಂಧಪಟ್ಟ ಅರ್ಥಕ್ಕೆ ಪದ ಸರಿಯುವುದು.

ತೃಪ್ತಿ ಏಕೆ ಇಲ್ಲ? ಅರ್ಪಣವಿಲ್ಲದೆ ಪದಾರ್ಥ ಪ್ರಸಾದವಾಗದೆಂಬ ತತ್ತ್ವವನ್ನು ಓಣಿಯ ನೆಲಕ್ಕಿಳಿಸಿದರೆ, ಅಲ್ಲಿನ ಅನ್ನ ಬಾಯಿಗೆ ಬರುವ ಮೊದಲು ಮತ್ತೊಬ್ಬರ ಕೈಗೆ ಹೋಗಿ ಬರುತ್ತಿತ್ತು. ರೊಟ್ಟಿ ಪಂಚಮಿಯ ಲೆಕ್ಕಕ್ಕೆ ಸಿಗದ ವಿನಿಮಯದ ಅರ್ಥ ಇದೇ. ತನ್ನದನ್ನು ತಾನೇ ಉಂಡರೆ ಪದಾರ್ಥ, ಕೊಟ್ಟು ಪಡೆದು ಉಂಡರೆ ಪ್ರಸಾದ. ಕೊಟ್ಟದ್ದೂ ಪಡೆದದ್ದೂ ಒಂದೇ ವಸ್ತುವಾಗಿರುವುದರಿಂದಲೇ ನಡುವೆ ಬದಲಾದದ್ದು ವಸ್ತುವಲ್ಲವೆಂಬುದು ಸ್ಪಷ್ಟವಾಗುತ್ತದೆ. ದಾಸೋಹವೆಂಬ ಪದದ ಮೂಲ ‘ನಾನು ದಾಸ’ ಎಂಬ ಭಾವದಲ್ಲಿದ್ದು, ದಾನಿಯ ಹೆಮ್ಮೆಯನ್ನು ಕಳಚಲೆಂದೇ ಶರಣರು ಅದನ್ನು ಮುಂದೆ ಮಾಡಿದರು. ಕೊಡುವವರೇ ಪಡೆಯುವವರಾಗಿ, ಪಡೆಯುವವರೇ ಕೊಡುವವರಾಗುವ ರೊಟ್ಟಿಯ ದಿನ ಆ ಹೆಮ್ಮೆಗೆ ನಿಲ್ಲಲು ಜಾಗವೇ ಇರುವುದಿಲ್ಲ. ಓಣಿಯ ಜನರಿಗೆ ಈ ಸಿದ್ಧಾಂತ ಗೊತ್ತಿತ್ತೆಂದಲ್ಲ. ಮೊಹರಂ ಹೊತ್ತಿಗೆ ಮುಸ್ಲಿಮರ ಮನೆಗಳಿಂದ ಬರುತ್ತಿದ್ದ ಚೊಂಗೆಗೂ, ಎಂದರೆ ಬೆಲ್ಲ ಹಾಕಿ ಮಾಡುವ ಸಿಹಿ ರೊಟ್ಟಿಗೂ, ರಂಜಾನಿನ ಸುರಕುಂಬಕ್ಕೂ ಷಟ್‌ಸ್ಥಲದ ಅಪ್ಪಣೆ ಬೇಕಿರಲಿಲ್ಲ. ಸಿದ್ಧಾಂತವು ಹೆಸರಿಟ್ಟದ್ದನ್ನು ಓಣಿಯು ಹೆಸರಿಲ್ಲದೆಯೇ ಬದುಕುತ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಲೇಖನವು ತಾನು ಪರೀಕ್ಷಿಸಲು ಹೊರಟ ಹಂಬಲದಲ್ಲೇ ಮುಳುಗಿದಂತಾಗುತ್ತದೆ. ನೈಯಾಯಿಕರ ಎಚ್ಚರಿಕೆ ಈಗ ಮತ್ತೆ ಬೇಕು: ಅನುಭವ ಎಷ್ಟು ಯಥಾರ್ಥವೋ ಸ್ಮೃತಿಯೂ ಅಷ್ಟೇ. ಓಣಿಯ ಜೊತೆಗೇ ಊರಲ್ಲಿ ಕೇರಿಯೂ, ಎಂದರೆ ದಲಿತರ ವಸತಿಯೂ, ಇತ್ತು, ಮತ್ತು ಓಣಿಯ ರೊಟ್ಟಿ ಕೇರಿಗೆ ಹೋದಾಗ ಅದು ಹೋದ ರೀತಿ ಬೇರೆಯಾಗಿತ್ತು: ಮೇಲಿನಿಂದ ಸೆರಗಿಗೆ ಬೀಳುತ್ತಿತ್ತು, ಮತ್ತು ಕೇರಿಯ ರೊಟ್ಟಿ ಓಣಿಗೆ ಬರುತ್ತಿರಲಿಲ್ಲ. ಓಣಿಯೊಳಗೂ ಮಡಿಯಿತ್ತು, ಕೆಲವು ಮನೆಗಳು ಕಾಳು, ಹಣ್ಣುಗಳನ್ನು ಸ್ವೀಕರಿಸಿ ಬೇಯಿಸಿದ್ದನ್ನು ಒಲ್ಲೆನೆನ್ನುತ್ತಿದ್ದವು. ‘ಎಲ್ಲರೂ ಒಂದಾಗಿದ್ದೆವು’ ಎಂಬ ನೆನಪನ್ನು ಸುಳ್ಳೆನ್ನುವುದು ಅನ್ಯಾಯ, ಏಕೆಂದರೆ ಆಡುವವರ ಅನುಭವದಲ್ಲಿ ‘ಎಲ್ಲರೂ’ ಎಂಬ ಪದದ ವ್ಯಾಪ್ತಿಯೇ ಅಷ್ಟಿತ್ತು. ಕೊರತೆಯಿರುವುದು ಸ್ಮೃತಿಯಲ್ಲಲ್ಲ, ಅದು ಸಾಲ ತಂದ ಅನುಭವದಲ್ಲಿ. ಪ್ರಸಾದದ ತತ್ತ್ವವನ್ನು ಓಣಿಯ ಸಮರ್ಥನೆಗೆ ಬಳಸಿದವರು ಅದೇ ತತ್ತ್ವವನ್ನು ಓಣಿಯ ವಿರುದ್ಧವೂ ಬಳಸಲು ಸಿದ್ಧರಿರಬೇಕು, ಏಕೆಂದರೆ ಶರಣರ ಪಂಕ್ತಿಯಲ್ಲಿ ಸಹಭೋಜನವು ಜಾತಿಯನ್ನು ಮುರಿಯುವ ಕ್ರಿಯೆಯಾಗಿತ್ತು, ಇದ್ದ ಜಾತಿಗಳ ನಡುವಿನ ಸೌಜನ್ಯವಾಗಿರಲಿಲ್ಲ. ನವನಗರದ, ಸಂಖ್ಯೆಯಿಂದ ಗುರುತಿಸುವ ಸೆಕ್ಟರಿನಲ್ಲಿ ಪಕ್ಕದ ನಿವೇಶನ ಯಾರಿಗೆ ಬಂತೆಂಬುದನ್ನು ಹಳೆಯ ಕೇರಿ-ಓಣಿಗಳ ಗಡಿ ನಿರ್ಣಯಿಸಲಿಲ್ಲವಾದರೆ, ಒಬ್ಬರು ಕಳೆದುಕೊಂಡ ಜೋಡಣೆಯೇ ಇನ್ನೊಬ್ಬರಿಗೆ ಬಿಡುಗಡೆಯಾಗಿರುವುದೂ ಸಾಧ್ಯ. ಊರು ಮುಳುಗಿದ್ದನ್ನು ಎಲ್ಲರೂ ಒಂದೇ ಬಗೆಯಲ್ಲಿ ಅಳುವುದಿಲ್ಲ.

ಈಗ ಉಳಿದಿರುವುದು ನವನಗರದಲ್ಲೇ ಹುಟ್ಟಿದವರ ವಿಷಯ, ಮತ್ತು ಅದು ಎಲ್ಲಕ್ಕಿಂತ ತೊಡಕಿನದು. ಹಳೆಯ ಊರಿನಲ್ಲಿ ಒಂದು ಹೊತ್ತೂ ಉಣ್ಣದ ಈ ತಲೆಮಾರಿಗೂ ಹಳೆಯ ಊರಿನ ಊಟದ ಹಂಬಲವಿದೆಯೆಂದರೆ, ಅನುಭವವಿಲ್ಲದೆ ಸ್ಮೃತಿಯಿಲ್ಲವೆಂಬ ನ್ಯಾಯ ಇಲ್ಲಿ ಸೋಲುತ್ತದೆಯೇ? ಕಾಳಿದಾಸನ ಶಾಕುಂತಲದ 5ನೆಯ ಅಂಕದಲ್ಲಿ ಹಂಸಪದಿಕೆಯ ಹಾಡು ಕೇಳಿದ ದುಷ್ಯಂತ, ಏನನ್ನು ಅಗಲಿದ್ದೇನೆಂದು ತಿಳಿಯದೆಯೇ ವ್ಯಾಕುಲನಾ­ಗುತ್ತಾನೆ. ರಸವನ್ನು ಕುರಿತು ಬರೆದ ಅಭಿನವಗುಪ್ತನಿಗೆ ಈ ಸಂದರ್ಭ ಮುಖ್ಯವೆನಿಸಿತ್ತು, ಏಕೆಂದರೆ ವಸ್ತುವಿನ ಸ್ಪಷ್ಟ ಸ್ಮರಣೆಯಿಲ್ಲದೆಯೂ ವಾಸನೆ ಎಚ್ಚರಗೊಳ್ಳಬಲ್ಲದೆಂಬುದಕ್ಕೆ ಅದು ನಿದರ್ಶನ. ದುಷ್ಯಂತನು ಮರೆತದ್ದನ್ನು ಹಂಬಲಿಸಿದ. ನವನಗರದ ಮಕ್ಕಳು ಕಾಣದ್ದನ್ನೇ ಹಂಬಲಿಸುತ್ತಾರೆ. ಆದರೆ ಅವರು ಉಣ್ಣದಿದ್ದರೂ ಉಂಡವರ ಕೈಯಿಂದ ಉಂಡಿದ್ದಾರೆ, ಎಳ್ಳಿನಿಂದ ಎಣ್ಣೆಗೆ ಪರಿಮಳ ಇಳಿದಂತೆ. ಮತ್ತು ರೂಪ ರುಚಿಗಳು ಒಲೆಯಿಂದ ಸಿಕ್ಕಿ ತೃಪ್ತಿಯ ಜಾಗದಲ್ಲಿ ಬರಿಯ ಮಾತು ಸಿಕ್ಕಿರುವುದರಿಂದ ಆ ಖಾಲಿ ಜಾಗದ ಆಕಾರವಷ್ಟೇ ಅವರ ಪಾಲಿಗೆ ಬಂದಿದೆ. ಅದನ್ನು ತುಂಬಲು ಹಳೆಯ ಊರೇ ಬೇಕೋ, ಕೊಟ್ಟು ಪಡೆಯಲು ಒಂದು ನೆರೆ ಸಿಕ್ಕರೆ ಸಾಕೋ ಎಂಬುದು ಅವರಿಗೆ ಇನ್ನೂ ತೆರೆದ ಪ್ರಶ್ನೆ. ಕೃಷ್ಣೆಯ ನೀರಿನ ವಿವಾದದ ನ್ಯಾಯಮಂಡಳಿಯ 2010ರ ತೀರ್ಪು ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸಲು ಅವಕಾಶ ಕೊಟ್ಟಿರುವುದರಿಂದ, ದಂಡೆಯ ಇನ್ನಷ್ಟು ನೆಲಕ್ಕೆ, ಇನ್ನಷ್ಟು ಅಡುಗೆಮನೆಗಳಿಗೆ ಈ ಪ್ರಶ್ನೆ ಕಾದಿದೆ.

ಓಣಿಯಲ್ಲಿ ಒಂದು ಅಲಿಖಿತ ನಿಯಮವಿತ್ತು: ಪಲ್ಯ ತಂದ ಪಾತ್ರೆಯನ್ನು ಖಾಲಿ ಹಿಂದಿರುಗಿಸುವಂತಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಇದರಿಂದಾಗಿ ಯಾವ ಪಾತ್ರೆಯ ಲೆಕ್ಕವೂ ಚುಕ್ತಾ ಆಗುತ್ತಿರಲಿಲ್ಲ, ಋಣ ಸದಾ ಒಂದು ಮನೆಯಲ್ಲಿ ಬಾಕಿ ಉಳಿದು ಮರುದಿನದ ಹೆಜ್ಜೆಗೆ ಕಾರಣವಾಗುತ್ತಿತ್ತು. ಸೆಕ್ಟರುಗಳ ನಡುವೆ ಈಗಲೂ ಶ್ರಾವಣದಲ್ಲಿ ರೊಟ್ಟಿಯ ಗಂಟುಗಳು ಸ್ಕೂಟರಿನ ಮೇಲೆ ಓಡಾಡುತ್ತವೆ. ಪಲ್ಯ ಮಾತ್ರ ಪ್ಲಾಸ್ಟಿಕ್ಕಿನ ತೆಳು ಡಬ್ಬಿಗಳಲ್ಲಿ ಹೋಗುತ್ತದೆ, ಡಬ್ಬಿ ಮರಳಿ ಬರಬೇಕಾಗಿಲ್ಲವೆಂದು ಕೊಡುವವರೇ ಹೇಳಿ ಕಳಿಸುತ್ತಾರೆ.